ಬಾಯಿಬಿಟ್ಟು ಬೇಡಿದ ಪ್ರಾರ್ಥನೆ

ಅಕ್ಟೋಬರ್ ಬಂತೆಂದರೆ ಹೊನ್ನಾವರದ ಕ್ರೈಸ್ತರ ಕೇರಿಯಲ್ಲಿ ಯೇಸುವಿನ ತಾಯಿ ಮರಿಯಮ್ಮನವರಿಗೆ ಒಂದು ಕಡೆ ಕೂರಲು ಪುರಸೊತ್ತಿಲ್ಲ. ಅವರ ಪ್ರತಿಮೆ ಇವತ್ತು ಈ ಮನೆ, ನಾಳೆ ಪಕ್ಕದ ಮನೆ. ಸಂಜೆ ಎಲ್ಲರೂ ಸೇರಿ ಮಣಿ ಎಣಿಸುತ್ತ ಜಪಸರ. ಅದು ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಬೇಡಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಪ್ರತಿ ಬೇಡಿಕೆಗೂ ಉಳಿದವರೆಲ್ಲ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅನ್ನಬೇಕು. ಕೊನೆಗೆ ಚಹಾ, ಕಡಲೆ ಉಸಲಿ. ಮರುದಿನ ಆ ಮನೆಯವರೇ ಪ್ರತಿಮೆಯನ್ನು ಎತ್ತಿಕೊಂಡು ಹೋಗಿ ಮುಂದಿನ ಮನೆಯವರ ಕೈಗೆ ಕೊಡುವುದು ಪದ್ಧತಿ.

ಬೇಡಿಕೆಗಳಾದರೂ ಎಂಥವು! ಮಗನ ವೀಸಾ, ಸೊಸೆಯ ಬಸಿರು, ಬೋಟಿನ ತುಂಬ ಬಂಗಡೆ ಮೀನು. ಹೊಟ್ಟೆಯೊಳಗಿನದನ್ನು ಯಾರೂ ಅಲ್ಲಿ ಹೊರಗೆ ಹಾಕುವುದಿಲ್ಲ. ನತಾಲಿನ್ ಅಂತೂ ಪ್ರತಿ ಸಲ "ಲೋಕಶಾಂತಿಗಾಗಿ" ಎಂದು ಹೇಳಿ ಪಾರಾಗುತ್ತಿದ್ದಳು.

ಅವಳ ಹೊಟ್ಟೆಯೊಳಗಿದ್ದದ್ದು ಅತ್ತೆಯ ಸಾವು. ಅತ್ತೆ ಹಾಸಿಗೆ ಹಿಡಿದು ವರ್ಷಗಟ್ಟಲೆ ನರಳಿದ್ದರು. ಬೆನ್ನಿನ ಹುಣ್ಣು ತೊಳೆದದ್ದು, ಹೇಲು ಉಚ್ಚೆ ಬಾಚಿದ್ದು, ಅದರ ಮೇಲೆ ಬೈಸಿಕೊಂಡದ್ದು ಎಲ್ಲ ನತಾಲಿನ್. ಗಂಡ ಪಾಸ್ಕು ಮೀನಿನ ಟೆಂಪೊ ಓಡಿಸಿಕೊಂಡು ಭಟ್ಕಳ, ಕುಮಟಾ ಎಂದು ತಿರುಗುವವನು. ಮನೆಗೆ ಬಂದರೆ ತಾಯಿಯ ಕಾಲ ಬಳಿ ಕೂತು ಕಣ್ಣೀರು ಹಾಕುವುದೇ ಅವನ ಚಾಕರಿ. ಒಂದು ದಿನ ಸಾಕಾಗಿ ಹೋಗಿ ನತಾಲಿನ್ ಶಿಲುಬೆಯ ಮುಂದೆ ಮಂಡಿಯೂರಿ, ಇವರನ್ನು ಕರೆದುಕೋ ಎಂದು ಬೇಡಿದಳು. ಆಮೇಲೆ ದಿನಾ ಬೇಡಿದಳು. ಅತ್ತೆ ತೀರಿಕೊಂಡಾಗ ಅವಳಿಗಾದದ್ದು ದುಃಖವಲ್ಲ, ಸಂತೋಷ. ಆ ಸಂತೋಷವೇ ಅಂದಿನಿಂದ ಮುರಿದ ಮುಳ್ಳಿನ ಹಾಗೆ ಒಳಗೆ ಕೂತುಬಿಟ್ಟಿತು. ಫಾದರ್ ಬಳಿ ಪಾಪನಿವೇದನೆ ಮಾಡಿ ಕ್ಷಮೆ ಪಡೆದರೂ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿಗೆ ಸಾಲು ನಿಂತಾಗ ಎಲ್ಲರಿಗಿಂತ ಹಿಂದೆ ಸರಿದು ನಿಲ್ಲುತ್ತಿದ್ದಳು.

ಫಾದರನ್ನು ಬಿಟ್ಟರೆ ಇದನ್ನು ಅವಳು ಹೇಳಿಕೊಂಡದ್ದು ಇಜಬೆಲ್ ಒಬ್ಬಳ ಹತ್ತಿರ. ಪಕ್ಕದ ಮನೆಯವಳು, ಜೀವದ ಗೆಳತಿ, ಎಲ್ಲಿ ಧ್ಯಾನಕೂಟವಿದ್ದರೂ ತಪ್ಪಿಸದವಳು. "ದೇವರು ನಿನ್ನ ಒಳಗಿಂದ ಹೊಸಬಳಾಗಿ ಮಾಡ್ತಾನೆ, ನಂಬು ಮಾರಾಯ್ತಿ" ಎಂದು ತಲೆಯ ಮೇಲೆ ಕೈಯಿಟ್ಟು ಅತ್ತಿದ್ದಳು.

"ಪಾಸ್ಕುಗೆ ಮಾತ್ರ ಗೊತ್ತಾಗೂದು ಬೇಡ" ಎಂದು ನತಾಲಿನ್ ಅವಳ ಕೈಹಿಡಿದು ಕೇಳಿಕೊಂಡಿದ್ದಳು.

ಇಜಬೆಲ್‌ಳ ಮನೆಯ ಸರದಿ ಬಂದ ಸಂಜೆ ಕೇರಿಗೆ ಕೇರಿಯೇ ಅವಳ ಜಗುಲಿಯಲ್ಲಿತ್ತು, ಪಾಸ್ಕು ಕೂಡ. ವೀಸಾ, ಬಸಿರು, ಬಂಗಡೆ ಎಲ್ಲ ಮುಗಿದವು. ಆಗ ಇಜಬೆಲ್ ಕಣ್ಣು ಮುಚ್ಚಿ ಎರಡೂ ಕೈ ಎತ್ತಿದಳು.

"ಪ್ರಭುವೇ, ನಮ್ಮ ನತಾಲಿನ್, ತನ್ನ ಅತ್ತೆ ಸಾಯಲಿ ಅಂತ ದಿನಾ ಬೇಡಿದವಳು, ಸತ್ತಾಗ ಖುಷಿಪಟ್ಟವಳು. ಆ ಗಾಯ ಅವಳನ್ನ ತಿಂತಾ ಉಂಟು. ಅವಳ ಮನಸ್ಸನ್ನ ಗುಣಮಾಡು."

ಅಭ್ಯಾಸಬಲ ಎಂಥದ್ದು ನೋಡಿ, ಎಲ್ಲರೂ ಒಂದೇ ಉಸಿರಿಗೆ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದುಬಿಟ್ಟರು. ನತಾಲಿನ್‌ಳ ಬಾಯಿಯೂ ಅಂದಿತು. ಪಾಸ್ಕುವಿನ ಬಾಯಿ ಮಾತ್ರ ತೆರೆಯಲಿಲ್ಲ. ಅವನು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹೊರಟುಹೋದ.

ನತಾಲಿನ್ ಅಡುಗೆಮನೆಯಲ್ಲಿ ಗೆಳತಿಯನ್ನು ಹಿಡಿದು ನಿಲ್ಲಿಸಿದಳು. "ಎಂತ ಮಾಡಿದೆ ನೀನು?"

"ನಾನೇನು ಚಾಡಿ ಹೇಳಿದ್ನಾ? ದೇವರ ಹತ್ರ ಹೇಳಿದೆ."

"ದೇವರಿಗೆ ಕಿವಿ ಕೇಳ್ತದೆ, ಇಜಬೆಲ್. ಅಷ್ಟು ದೊಡ್ಡಕ್ಕೆ ಹೇಳೂದು ಬೇಡಿತ್ತು."

ಮನೆಗೆ ಬಂದರೆ ಪಾಸ್ಕು ಚಾಪೆಯನ್ನು ತಾಯಿಯ ಖಾಲಿ ಮಂಚದ ಪಕ್ಕಕ್ಕೆ ಎಳೆದುಕೊಂಡು ಗೋಡೆಗೆ ಮುಖಮಾಡಿ ಮಲಗಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೆಳಿಗ್ಗೆ ಚಹಾ ಮುಟ್ಟದೆ ಟೆಂಪೊ ಹತ್ತಿದ. ನತಾಲಿನ್‌ಗೆ ಇಜಬೆಲ್ ಮೇಲಿದ್ದಷ್ಟೇ ಸಿಟ್ಟು ದೇವರ ಮೇಲೂ ಬಂತು. ಒಳಗಿನ ಗಾಯ ಗುಣಮಾಡು ಎಂದು ಅಂಗಲಾಚಿದ ನನಗೆ ಆ ದೇವರು ಕೊಟ್ಟದ್ದೇನು? ಇದ್ದ ಗಂಡನನ್ನೂ ಕಿತ್ತುಕೊಂಡದ್ದು! ದೇವರು, ಇಜಬೆಲ್ ಇಬ್ಬರೂ ಸೇರಿಯೇ ನನಗೆ ಮೋಸ ಮಾಡಿದರು ಅನ್ನಿಸಿತು.

ಆ ಸಂಜೆ ಪ್ರತಿಮೆ ಬರಬೇಕಾದದ್ದು ಅವಳ ಮನೆಗೆ, ತರುವವಳು ಇಜಬೆಲ್. ಬಾಗಿಲು ಹಾಕಿಕೊಂಡು ಕೂರುವ ಎಂದು ಹಗಲೆಲ್ಲ ಯೋಚಿಸಿದಳು. ಆದರೆ ಮರಿಯಮ್ಮನವರನ್ನು ಅಂಗಳದಿಂದ ವಾಪಸು ಕಳಿಸಿದವರು ಆ ಕೇರಿಯಲ್ಲಿ ಯಾರೂ ಇಲ್ಲ. ಇಜಬೆಲ್ ಬಂದಾಗ ಅವಳ ಮುಖ ನೋಡದೆ ಪ್ರತಿಮೆಯನ್ನಷ್ಟೇ ಇಸಿದುಕೊಂಡಳು.

ಜಪಸರದ ನಡುವೆ ಪಾಸ್ಕು ಬಂದು ಹೊಸ್ತಿಲ ಹೊರಗೇ ನಿಂತ. ಬೇಡಿಕೆಯ ಹೊತ್ತಾಯಿತು. ಮನೆಯವಳೇ ಶುರುಮಾಡಬೇಕು. ಲೋಕಶಾಂತಿ ನಾಲಿಗೆಯ ತುದಿಯವರೆಗೂ ಬಂದು ನಿಂತುಹೋಯಿತು.

"ದೇವರೇ, ಇವರ ತಾಯಿ ಸಾಯಲಿ ಅಂತ ನಾನು ಬೇಡಿದ್ದು ನಿಜ. ಇಜಬೆಲ್ ಮಾಡಿದ್ದನ್ನ ಕ್ಷಮಿಸೂಕೆ ನನ್ನಿಂದ ಆಗೂದಿಲ್ಲ. ಮನಸ್ಸೂ ಇಲ್ಲ. ನನ್ನ ಮನಸ್ಸು ಬದಲಾಗಬೇಕು ಅಂದ್ರೆ ಅದನ್ನ ನೀನೇ ಮಾಡ್ಬೇಕು. ನಿನ್ನ ಮೇಲೂ ನಂಗೆ ಸಿಟ್ಟುಂಟು. ಆದ್ರೂ ನಿನ್ನನ್ನೇ ಕೇಳ್ತೆ."

ಅಭ್ಯಾಸ ಈ ಸಲ ಯಾರ ಬಾಯನ್ನೂ ತೆರೆಸಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು. ಇಜಬೆಲ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. 

ಆಗ ಹೊಸ್ತಿಲ ಹೊರಗಿನಿಂದ ಪಾಸ್ಕುವಿನ ಒಡಕು ದನಿ ಒಂದೇ ಕೇಳಿಸಿತು:

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ."