ನೋರಾಳ ಎರಡು ಜಡೆ

"ಅಲ್ಲವೇ ಧನಲಕ್ಷ್ಮಿ, ಮಕ್ಕಳ ಮೈ ಮುಟ್ಟೂದಲ್ಲ ಹೇಳಿ ಮೊದಲನೇ ದಿನವೇ ಹೇಳಿದ್ರಂತಲ್ಲ ಆ ಐರ್ಲೆಂಡಿನ ಶಾಲೆಯವ್ರು?" ವಸುಮತಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೌದು ಮೇಡಂ."

"ಮತ್ತೆ?"

ಮತ್ತೆ ಏನೆಂದು ಹೇಳುವುದು? ಕಾರವಾರದ ಬಿ.ಎಡ್. ಕಾಲೇಜಿನ ಆ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಅವರು ಹೇಳಿದ್ದು ನಿಜ, ಇವಳು ತಲೆಯಾಡಿಸಿದ್ದೂ ನಿಜ. ಆದರೆ ಆಗ ಧನಲಕ್ಷ್ಮಿಯ ಕಣ್ಣೆದುರು ಬಂದದ್ದು ಬೆತ್ತದ ಏಟು, ಕಿವಿ ಹಿಂಡುವುದು, ಬೆನ್ನಿಗೊಂದು ಗುದ್ದು. ಅದೆಲ್ಲ ತನ್ನಿಂದ ಆಗುವ ಕೆಲಸವೇ ಅಲ್ಲವೆಂದು ನಿಶ್ಚಿಂತೆಯಿಂದ ಇದ್ದುಬಿಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚುವುದೂ ಆ ಲೆಕ್ಕದಲ್ಲಿ ಬರುತ್ತದೆಂದು ಹಾರವಾಡದಲ್ಲಿ ಹುಟ್ಟಿ ಬೆಳೆದ ಯಾರಿಗೆ ಹೊಳೆದೀತು?

ಈ ಕಾಲೇಜಿಗೂ ಐರ್ಲೆಂಡಿನ ಒಂದು ತರಬೇತಿ ಸಂಸ್ಥೆಗೂ ಅದೇನೋ ಒಪ್ಪಂದ. ವರ್ಷಕ್ಕೊಬ್ಬರು ಅಲ್ಲಿಯ ಶಾಲೆಯೊಂದರಲ್ಲಿ ಅಭ್ಯಾಸ ಪಾಠ ಮಾಡಿ ಬರಬಹುದು, ಖರ್ಚೆಲ್ಲ ಅವರದೇ. ಈ ಸಲ ಧನಲಕ್ಷ್ಮಿಯ ಹೆಸರು ಬಂತು. ಕಂಡವರ ಗದ್ದೆಯಲ್ಲಿ ಶೇಂಗಾ ಕೀಳುವ ಬೊಮ್ಮಿಯ ಮಗಳು ವಿಮಾನ ಹತ್ತುತ್ತಾಳೆಂದರೆ ಊರು ಸುಮ್ಮನಿದ್ದೀತೇ? ಕೇರಿಗೆ ಕೇರಿಯೇ ಹೆದ್ದಾರಿಯವರೆಗೆ ಬಂದು ಬಸ್ಸು ಹತ್ತಿಸಿತು. ಬೊಮ್ಮಿ ಮಾತ್ರ ಅಳಲಿಲ್ಲ. ಮಗಳ ಚೀಲದಲ್ಲಿ ಬಟ್ಟೆಗಳ ನಡುವೆ ತೆಂಗಿನೆಣ್ಣೆಯ ಬಾಟಲಿ ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು.

ಅಲ್ಲಿಯದೂ ಸಮುದ್ರದ ದಂಡೆಯ ಸಣ್ಣ ಊರು. ಶಾಲೆಯಲ್ಲಿ ಎಲ್ಲರೂ ಒಳ್ಳೆಯವರೇ. ಮೊದಲ ವಾರ ಇವಳ ಇಂಗ್ಲಿಷು ಅವರಿಗೆ ತಿಳಿಯದೆ, ಅವರದು ಇವಳಿಗೆ ತಿಳಿಯದೆ, ಎರಡೂ ಕಡೆಯವರು ನಕ್ಕು ನಕ್ಕು ದವಡೆ ನೋಯಿಸಿಕೊಂಡರು. ಆಮೇಲೆ ಪಾಠ ಹದಕ್ಕೆ ಬಂತು. ಮಕ್ಕಳು ಇವಳ ಬಳೆಗಳನ್ನು ಎಣಿಸುತ್ತ ಕೂಡಿಸುವುದು ಕಳೆಯುವುದು ಕಲಿತವು.

ಅವರಲ್ಲಿ ನೋರಾ ಎಂಬ ಆರು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ತಾಯಿಗೆ ವೃದ್ಧರ ಆರೈಕೆ ಮಾಡುವ ಮನೆಯೊಂದರಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ನಿದ್ದೆಗಣ್ಣಲ್ಲೇ ಮಗಳನ್ನು ಗೇಟಿನ ಬಳಿ ಬಿಟ್ಟು ಹೋಗುವಳು. ನೋರಾಳ ಕೂದಲು ಗಂಟು ಗಂಟಾಗಿ ಜಡೆಗಟ್ಟಿತ್ತು. ಹುಡುಗಿ ದಿನವಿಡೀ ತಲೆ ಕೆರೆಯುತ್ತಿದ್ದಳು, ಪಕ್ಕದ ಮಕ್ಕಳು ಕುರ್ಚಿ ಸರಿಸಿಕೊಳ್ಳುತ್ತಿದ್ದವು. ಅದನ್ನು ನೋಡುವಾಗ ಧನಲಕ್ಷ್ಮಿಗೆ ತನ್ನದೇ ಬಾಲ್ಯ ನೆನಪಾಗುತ್ತಿತ್ತು. ಬೊಮ್ಮಿ ನಸುಕಿಗೇ ಕೂಲಿಗೆ ಹೋದ ದಿನಗಳಲ್ಲಿ ಇವಳೂ ಹೀಗೆಯೇ ಶಾಲೆಗೆ ಹೋಗುತ್ತಿದ್ದವಳು. ಹಾರವಾಡದ ಶಾಲೆಯ ನಮಿತಾ ಅಕ್ಕೋರು ಪ್ರಾರ್ಥನೆ ಮುಗಿದದ್ದೇ ಜಗಲಿಯ ಮೇಲೆ ಕೂತು, ಅಂಥ ಹುಡುಗಿಯರನ್ನು ಒಬ್ಬೊಬ್ಬರಾಗಿ ಮಂಡಿಗಳ ನಡುವೆ ಕೂರಿಸಿಕೊಂಡು, ಹೇನು ಹೆಕ್ಕಿ, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಬೆನ್ನಿಗೊಂದು ತಟ್ಟಿ ಒಳಗೆ ಕಳಿಸುತ್ತಿದ್ದರು. ಧನಲಕ್ಷ್ಮಿ ಅಕ್ಕೋರಾಗಬೇಕೆಂದು ಹಟ ಹಿಡಿದದ್ದು ಗಣಿತದ ಮೋಹದಿಂದಲ್ಲ. ಅವಳ ಪಾಲಿಗೆ ಅಕ್ಕೋರು ಎಂದರೆ ಆ ಕೈಗಳೇ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ನೋರಾಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡಳು. ಎಣ್ಣೆ ಹಚ್ಚಿ ಗಂಟುಗಳನ್ನು ಬೆರಳಿನಿಂದಲೇ ಬಿಡಿಸಿದಳು. ಸಿಕ್ಕ ಹೇನನ್ನು ರೂಢಿಯಂತೆ ಹೆಬ್ಬೆರಳುಗಳ ಉಗುರಿನ ನಡುವೆ ಕುಟ್ಟಿದಳು. ಸುತ್ತ ನೆರೆದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ಎರಡನೇ ಜಡೆ ಮುಗಿಯುವಷ್ಟರಲ್ಲಿ ನೋರಾ ಇವಳ ಮಂಡಿಗೆ ಒರಗಿ ನಿದ್ದೆ ಹೋಗಿದ್ದಳು. ಅಷ್ಟು ಸಂತೋಷ ಧನಲಕ್ಷ್ಮಿಗೆ ಆ ದೇಶದಲ್ಲಿ ಬೇರೆ ಯಾವತ್ತೂ ಆಗಿರಲಿಲ್ಲ.

ಮರುದಿನ ತಾಯಿ ಬಂದಳು. ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮುಖ್ಯೋಪಾಧ್ಯಾಯಿನಿಯ ಎದುರು ಕೂತು ಅತ್ತಳು. ನನ್ನ ಮಗಳ ತಲೆಯಲ್ಲಿ ಹೇನಿದೆಯೆಂದು ಇಡೀ ಶಾಲೆಗೆ ತೋರಿಸಲು ಇವಳು ಯಾರು, ನಾನು ಕೆಟ್ಟ ತಾಯಿಯೆಂದು ತೀರ್ಪು ಕೊಡಲು ಇವಳು ಯಾರು ಎಂದು ಕೇಳಿದಳು. ತನ್ನ ಅವ್ವಿಯಂಥ ತಾಯಿಯನ್ನೇ ತಾನು ನಾಲ್ಕು ಜನರೆದುರು ನಾಚಿಸಿದೆನೆಂದು ಧನಲಕ್ಷ್ಮಿಗೆ ಅರಿವಾದದ್ದು ಆಗ. ಆ ಹೆಂಗಸಿನ ಕಾಲು ಹಿಡಿಯಬೇಕೆನಿಸಿತು. ಅದಕ್ಕೂ ಅವಕಾಶವಿರಲಿಲ್ಲ. ಇವಳಿಗೆ ಚಹಾ ಕೊಟ್ಟರು, ಮೆತ್ತಗೆ ಮಾತಾಡಿದರು, ಇನ್ನು ಮಕ್ಕಳ ಹತ್ತಿರ ಹೋಗುವಂತಿಲ್ಲವೆಂದರು. ಟಿಕೇಟು ಬರುವವರೆಗೆ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ. ಒಮ್ಮೆ ನೋರಾ ಅದರ ಬಾಗಿಲಿಗೆ ಓಡಿ ಬಂದಳು. ಹಿಂದೆಯೇ ಬಂದ ಶಿಕ್ಷಕಿಯೊಬ್ಬರು ಅವಳ ಹೆಸರು ಹಿಡಿದು ಕರೆದು ವಾಪಸು ಕರೆದುಕೊಂಡು ಹೋದರು.

ಈಗ ವಸುಮತಿ ಮೇಡಂ ಕನ್ನಡಕ ಮತ್ತೆ ಏರಿಸಿಕೊಂಡರು. "ಆಗಿದ್ದು ಆಗಿಹೋತು. ಅಲ್ಲಿ ಮಾಡಿದ ಪಾಠ ಲೆಕ್ಕಕ್ಕೆ ಬತ್ತಿಲ್ಲೆ. ಕೋಡಿಬಾಗದ ಶಾಲೆಲಿ ಮೊದಲಿಂದ ಮಾಡು. ಕಡೇ ಪಾಠ ನೋಡೂಕೆ ನಾನೇ ಬತ್ತೆ. ಇದೂ ಕೆಟ್ಟರೆ ಮಾತ್ರ ನನ್ನ ಕೈಲಿ ಎಂತದೂ ಇಲ್ಲೆ, ಮಾಸ್ತರಿಕೆ ಆಸೆ ಬಿಡೂದೇಯ."

ಸಂಜೆ ಹಾರವಾಡದ ಮನೆಯಲ್ಲಿ ಬೊಮ್ಮಿ ಮಗಳ ಎದುರು ಗಂಜಿ ಇಟ್ಟು ಪಕ್ಕದಲ್ಲೇ ಕೂತಳು. ಮಗಳು ಅರ್ಧಕ್ಕೇ ಯಾಕೆ ಬಂದಳೆಂದು ಕೇರಿಯವರು ಅವಳನ್ನು ಕೇಳಿ ಕೇಳಿ ಸುಸ್ತು ಮಾಡಿದ್ದರು.

"ಧನೂ, ನಾ ಬೈಯೂದಿಲ್ಲ. ಖರೇ ಹೇಳು. ಎಂತ ಮಾಡ್ದೆ ನೀ ಅಲ್ಲಿ?"

"ಹೇಳ್ದೆ ಅಲ್ಲವ್ವಿ. ತಲೆ ಬಾಚ್ದೆ."

"ತಲೆ ಬಾಚ್ದದ್ಕೆ ಯಾರಾರೂ ಇಮಾನ ಹತ್ಸಿ ಮನಿಗೆ ಕಳಸ್ತ್ರೇನೆ?" ಬೊಮ್ಮಿ ದನಿ ತಗ್ಗಿಸಿದಳು. "ಯಾರದಾದ್ರೂ ಎಂತಾದ್ರೂ ಮುಟ್ಟಿದ್ಯೆ? ಇಲ್ಲ, ಯಾರಾದ್ರೂ ಗಂಡ್ಸು... ನಂಗಾದ್ರೂ ಹೇಳು. ನಾ ನಿನ್ನ ಹಡೆದವಳು."

ಧನಲಕ್ಷ್ಮಿ ತಾಯಿಯ ಮುಖ ನೋಡಿದಳು. ಅಲ್ಲಿ ದೊಡ್ಡ ತಪ್ಪಾದದ್ದು ಇಲ್ಲಿ ತಪ್ಪೆಂದು ನಂಬಿಸಲೂ ಆಗದಷ್ಟು ಸಣ್ಣದು. ಅಲ್ಲಿಯವರ ಎದುರೂ ಅವ್ವಿಯ ಎದುರೂ ಅವಳು ಸುಳ್ಳಿಯೇ. ಇನ್ನೇನು ಹೇಳಿದರೂ ಬೊಮ್ಮಿ ಮನಸ್ಸಿನಲ್ಲಿ ಆ ಕಾಣದ ಗಂಡಸು ಕೂತೇ ಇರುತ್ತಾನೆ. ಗಂಜಿಯ ಬಟ್ಟಲನ್ನು ದೂರ ಸರಿಸಿದಳು. ಸತ್ತೇ ಹೋಗಿದ್ದರೆ ಆಗುತ್ತಿತ್ತು ಎನಿಸಿತು, ಎನಿಸಿದ್ದಕ್ಕೆ ಹೆದರಿಕೆಯೂ ಆಯಿತು.

ಕೋಡಿಬಾಗದ ಶಾಲೆಯಲ್ಲಿ ಅವಳು ಹೊಸ ರೀತಿ ಕಲಿತಳು. ಮೇಜಿಗೂ ಮೊದಲ ಸಾಲಿಗೂ ನಡುವೆ ಜಾಗ ಬಿಟ್ಟಳು. ಚಿಕ್ಕ ಮಕ್ಕಳ ಕೈ ಹಿಡಿದು ತಿದ್ದಿಸುವ ಬದಲು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ನೋಡ್ಕಂಡು ಬರೀರಿ" ಎಂದಳು. ಯಾರಾದರೂ ಸೆರಗು ಎಳೆದರೆ ಮೆಲ್ಲಗೆ ಬಿಡಿಸಿಕೊಂಡು ಹಿಂದೆ ಸರಿದಳು. ಮಕ್ಕಳೂ ಬೇಗ ಅರ್ಥ ಮಾಡಿಕೊಂಡವು. ಸ್ವಲ್ಪ ದಿನಗಳಲ್ಲೇ ಅವು ಮುಟ್ಟಲು ಬರುವುದನ್ನು ಬಿಟ್ಟವು.

ಕಡೆಯ ಪಾಠದ ದಿನ ವಸುಮತಿ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಎಲ್ಲಿಯೂ ಎಡವಲಿಲ್ಲ. ಗಂಟೆ ಬಾರಿಸಿದ ಮೇಲೆ ಮೇಡಂ ಅವಳನ್ನು ಕಿಟಕಿಯ ಬಳಿ ಕರೆದರು.

"ಈಗ ಸರಿಯಾತು ನೋಡು. ಎಷ್ಟು ಅಚ್ಚುಕಟ್ಟು. ಮೊದಲೆಲ್ಲ ಮಕ್ಕಳನ್ನ ಮೈಮೇಲೆ ಹಾಕ್ಕಂಡು ಗೌಜಿ ಮಾಡ್ತಿದ್ದೆ ನೀನು. ಪಾಸಾದೆ ಹೇಳೇ ತಿಳ್ಕ. ಒಳ್ಳೆ ಶಿಕ್ಷಕಿ ಆಗ್ತೆ."

"ಉಪಕಾರ ಆಯ್ತು ಮೇಡಂ," ಎಂದಳು. ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಒಳಗೆ ಏನೂ ಅಲುಗಾಡಲಿಲ್ಲ.

ಮೇಡಂ ಹೊರಟ ಮೇಲೆ ಅವಳು ಅಂಗಳಕ್ಕೆ ಇಳಿದಳು. ಮಕ್ಕಳು ಓಡುತ್ತಿದ್ದವು. ಒಂದನೇ ತರಗತಿಯ ಪುಟ್ಟು, ಕುಳ್ಳಗಿನ ಹುಡುಗಿ, ಕಲ್ಲಿಗೆ ಎಡವಿ ಅವಳ ಕಾಲ ಬುಡದಲ್ಲೇ ಬಿತ್ತು. ಮೊಣಕಾಲು ತರಚಿ ರಕ್ತ ಜಿನುಗಿತು. ಹುಡುಗಿ ಕೂತಲ್ಲೇ ದೊಡ್ಡ ದನಿ ತೆಗೆದು ಅಳುತ್ತ ಎರಡೂ ಕೈಗಳನ್ನು ಮೇಲೆ ಚಾಚಿತು.

"ತಡಿ ಪುಟ್ಟು, ದೊಡ್ಡಕ್ಕೋರ ಕರೀತೆ," ಎಂದಳು ಧನಲಕ್ಷ್ಮಿ.

ಕರೆಯಲು ಹೋಗಲಿಲ್ಲ. ಬಗ್ಗಲೂ ಇಲ್ಲ. ಪುಟ್ಟು ಕೈ ಚಾಚಿಕೊಂಡೇ ಸ್ವಲ್ಪ ಹೊತ್ತು ಅವಳ ಮುಖ ನೋಡಿತು. ಆಮೇಲೆ ಅಳು ನಿಲ್ಲಿಸಿ, ಕೈ ಇಳಿಸಿ, ಮೊಣಕಾಲನ್ನು ಹತ್ತಿರ ಎಳೆದುಕೊಂಡು, ಗಾಯಕ್ಕೆ ತಾನೇ ಉಫ್ ಉಫ್ ಎಂದು ಊದಿಕೊಳ್ಳತೊಡಗಿತು.