ಮಾಳಿಗೆಯ ದಾರಿ

ತುರ್ಕಿಯಾ ಕೂದಲು ಬಿಚ್ಚಿ ಬೆನ್ನಿಗೆ ಹರಡಿಕೊಂಡು, ಅಂಗಿಯ ತೋಳು ಮಡಚಿ, ತಲೆ ತುಂಬ ಗೋರಂಟಿ ಮೆತ್ತಿಸಿಕೊಳ್ಳುತ್ತ ಮಾಳಿಗೆಯ ಮೇಲೆ ಕೂತಿದ್ದಾಗ ಎಲ್ಲಿಂದಲೋ ಕಣಜದ ಹುಳುವಿನ ಸದ್ದು ಕೇಳಿತು. ಕಣಜ ಅಲ್ಲವೆಂದು ಗೊತ್ತಾಗಲು ತಲೆ ಎತ್ತಬೇಕಾಯಿತು. ನಾಲ್ಕು ರೆಕ್ಕೆಯ ಬೂದುಬಣ್ಣದ ಯಂತ್ರವೊಂದು ಅಡುಗೆಕೋಣೆಯ ಸೂರಿನ ಎತ್ತರಕ್ಕೆ ಬಂದು ನಿಂತಿತ್ತು. ಅದರ ಹೊಟ್ಟೆಯ ಕೆಳಗೊಂದು ಗುಂಡಗಿನ ಗಾಜಿನ ಕಣ್ಣು. ಅದು ನೇರ ಅವಳನ್ನೇ ನೋಡುತ್ತಿತ್ತು.

ಗೋರಂಟಿ ಹಚ್ಚುತ್ತಿದ್ದ ಪಕ್ಕದ ಮನೆಯ ಸೊಸೆ ನಜ್ಮಿಯಾ ಕೈಗೆ ಸಿಕ್ಕ ಒದ್ದೆ ಟವೆಲನ್ನು ಎಳೆದು ಇಬ್ಬರ ತಲೆಯ ಮೇಲೂ ಹಾಕಿದಳು. ಟವೆಲಿನೊಳಗಿನ ಕತ್ತಲೆಯಲ್ಲೇ ಪಿಸುಗುಟ್ಟಿದಳು. "ಮಿಲೂದ್ ಮಾಮಂದು, ಚಿಕ್ಕಮ್ಮ. ಮೊನ್ನೆ ಓಣಿಲಿ ಎಲ್ರಿಗೂ ತೋರಿಸ್ತಾ ಇದ್ರಂತೆ."

"ಅವನದೇ. ಇನ್ಯಾರ್ದು," ಎಂದಳು ತುರ್ಕಿಯಾ. "ಒಂದ್ಸಲ ಕೂಗಿದ್ನಾ? ನಿಂಗೇನಾದ್ರೂ ಕೇಳಿಸ್ತಾ?"

"ಇಲ್ಲ."

ಮರಳುಗಾಡಿನ ಈ ಗದಾಮಿಸ್ ಊರಿನಲ್ಲಿ ಓಣಿ ಗಂಡಸರದು, ಮಾಳಿಗೆ ಹೆಂಗಸರದು. ಕೆಳಗಿನ ಓಣಿಗಳಿಗೆಲ್ಲ ಚಾವಣಿ ಇದೆ, ಗಂಡಸರು ಆ ನೆರಳಲ್ಲಿ ಓಡಾಡಿಕೊಂಡಿರುತ್ತಾರೆ. ಮೇಲೆ ಮನೆಯಿಂದ ಮನೆಗೆ ಮಾಳಿಗೆಗಳು ಕೂಡಿಕೊಂಡಿವೆ. ಅಡುಗೆ ಅಲ್ಲಿ, ಹರಟೆ ಅಲ್ಲಿ, ಬಾಣಂತಿಯನ್ನು ನೋಡಲು ಹೋಗುವುದು, ಉಪ್ಪು ಸಾಲ ಕೇಳುವುದು, ಜಗಳ, ರಾಜಿ ಎಲ್ಲ ಅಲ್ಲೇ. ತೊಲೆ ಮುರಿದು ರಿಪೇರಿಗೆ ಬರುವ ಗಂಡಸು ಕೂಡ ಮೆಟ್ಟಿಲ ಬುಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ, ಮೇಲಿಂದ ಉತ್ತರ ಬಂದ ಮೇಲಷ್ಟೇ ಕಾಲು ಎತ್ತಿಡಬೇಕು. ಹೊಸ ಊರು ಕಟ್ಟಿ, ಎಲ್ಲರ ಮನೆಗೂ ಏಸಿ ಬಂದು, ಈ ಹಳೇ ಮನೆಗಳಿಗೆ ಜನ ಬೇಸಿಗೆಯ ಸೆಕೆಗಷ್ಟೇ ಬರುವಂತಾದರೂ ಆ ಒಂದು ಮರ್ಯಾದೆ ಉಳಿದಿತ್ತು. ಮಿಲೂದನಿಗೆ ಅದು ಗೊತ್ತಿಲ್ಲವೆಂದಲ್ಲ. ಅವನು ಇದೇ ಓಣಿಯಲ್ಲಿ ಹುಟ್ಟಿದವನು, ತುರ್ಕಿಯಾಳ ಸ್ವಂತ ಮೈದುನ.

ಯಂತ್ರ ಇನ್ನೂ ಗುಂಯ್‌ಗುಡುತ್ತಿತ್ತು. ತುರ್ಕಿಯಾ ಟವೆಲಿನ ಸಂದಿಯಿಂದ ನೋಡಿದಳು. ಅದು ಕುಡಿದವನಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಮಿಲೂದನ ಮಾಳಿಗೆಯ ಮೇಲೆ ಹಾದು, ಅಲ್ಲಿ ಹೊಸದಾಗಿ ಎದ್ದಿದ್ದ ಗೋಡೆಯನ್ನು ದಾಟಿ ಆಚೆಗೆ ಹೋಯಿತು. ಆಚೆಗಿರುವುದು ಒಂದೇ ಮನೆ, ಅವಳ ಅಕ್ಕ ಮಬ್ರೂಕಾಳದು.

ಆ ಗೋಡೆ ತುರ್ಕಿಯಾಳಿಗೆ ಕಂಡರಾಗುತ್ತಿರಲಿಲ್ಲ. ಮಬ್ರೂಕಾಳ ಎರಡೂ ಮೊಣಕಾಲು ಹೋಗಿದ್ದವು. ಮೂರು ಅಂತಸ್ತಿನ ಕಡಿದಾದ ಮೆಟ್ಟಿಲು ಇಳಿದು ಓಣಿ ಸೇರುವುದು ಅವಳಿಂದ ಆಗುತ್ತಿರಲಿಲ್ಲ. ಮಗಳು ಬೆಳಿಗ್ಗೆ ಹೊಸ ಊರಿನ ಶಾಲೆಗೆ ಪಾಠ ಮಾಡಲು ಹೋಗುವಾಗ ಕೆಳಗಿನ ಬಾಗಿಲಿಗೆ ಬೀಗ ಹಾಕಿಕೊಂಡು ಹೋದರೆ ಬರುವುದು ಸಂಜೆಗೆ. ಆದರೂ ಮಬ್ರೂಕಾ ಒಂಟಿಯಾಗಿರಲಿಲ್ಲ. ಮಾಳಿಗೆಯ ಮೇಲೆ ಕೋಲೂರಿಕೊಂಡು ಮಿಲೂದನ ಖಾಲಿ ಮಾಳಿಗೆಯನ್ನು ದಾಟಿ ತಂಗಿಯ ಮನೆಗೆ, ಅಲ್ಲಿಂದ ನಜ್ಮಿಯಾಳ ಮನೆಗೆ, ಮನಸ್ಸು ಬಂದರೆ ಇನ್ನೂ ನಾಲ್ಕು ಮನೆ ಆಚೆಗೆ ಹೋಗಿ ಬರುತ್ತಿದ್ದಳು. ಅವಳಿಗೆ ಊರು ಅಂದರೆ ಅದೇ.

ಮಿಲೂದ್ ತನ್ನ ಪಾಲಿನ ಹಳೇ ಮನೆಯನ್ನು ಪ್ರವಾಸಿಗರ ವಸತಿ ಮಾಡಲು ಹೊರಟಿದ್ದ. ಮಾಳಿಗೆಯ ಮೇಲೆ ದಿಂಬು ಹಾಸಿ ಚಹಾ ಕೊಡುತ್ತಾನಂತೆ. ಬಂದವರ ನಡುವೆ ಊರಿನ ಹೆಂಗಸರು ಪಾತ್ರೆ ಹಿಡಿದುಕೊಂಡು ಅಡ್ಡಾಡಬಾರದಂತೆ. ಮೊನ್ನೆ, ಓಣಿಯ ಹೆಂಗಸರೆಲ್ಲ ಮದುವೆಗೆಂದು ಹೊಸ ಊರಿಗೆ ಹೋಗಿದ್ದ ದಿನ ನೋಡಿಕೊಂಡು, ಹೊರಗಿನ ಇಬ್ಬರು ಗಾರೆಯವರನ್ನು ಮೇಲೆ ಹತ್ತಿಸಿ, ಆಳೆತ್ತರಕ್ಕೂ ಮಿಕ್ಕಿದ ಗೋಡೆ ಎಬ್ಬಿಸಿಬಿಟ್ಟ. ಈ ಕಡೆಯ ಗೋಡೆ ಬರುವ ವಾರವಂತೆ. ಮಬ್ರೂಕಾ ಮದುವೆಗೆ ಹೋಗಿರಲಿಲ್ಲ, ಹೋಗುವ ಹಾಗೂ ಇರಲಿಲ್ಲ. ಪರ ಗಂಡಸರ ದನಿ ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದವಳು ಸಂಜೆ ಹೊರಗೆ ಬಂದಾಗ ಎದುರಿಗೆ ಸಿಮೆಂಟ್ ಇಟ್ಟಿಗೆ.

ಮರುದಿನ ತುರ್ಕಿಯಾ ಕೇಳಿದಾಗ ಮಿಲೂದ್ ಹುಬ್ಬೇರಿಸಿದ್ದ. "ದಾರಿನಾ? ಯಾವ ದಾರಿ ಅತ್ತಿಗೆ? ನಮ್ಮಪ್ಪನ ಪಾಲುಪತ್ರದಲ್ಲಿ ಎಲ್ಲೂ ದಾರಿ ಅಂತ ಇಲ್ಲ. ಅದು ಮಾಳಿಗೆ. ಮಾಳಿಗೆ ನಂದು."

ಅವಳ ಗಂಡ, ಅಂದರೆ ಅವನ ಅಣ್ಣ, ಪಕ್ಕದಲ್ಲೇ ಚಹಾಕ್ಕೆ ನೊರೆ ಬರಿಸುತ್ತ ಕೂತಿದ್ದ. "ಅವನ ಮನೆ, ಅವನ ಇಷ್ಟ, ನಾನೇನು ಹೇಳ್ಲಿ," ಎಂದವನು ಇನ್ನೊಂದು ಲೋಟಕ್ಕೆ ಚಹಾ ಸುರಿದ. ಆ ಹೊತ್ತಿಗೆ ತುರ್ಕಿಯಾಳಿಗೆ ತಮ್ಮನಿಗಿಂತ ಅಣ್ಣನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಅವಳ ಸಿಟ್ಟು ಹೆಚ್ಚಿಸಿದ ಸಂಗತಿ ಇನ್ನೊಂದಿತ್ತು. ವಸತಿಯ ಜಾಹೀರಾತಿಗೆ ಮೇಲಿಂದ ಚಿತ್ರ ತೆಗೆಯಲೆಂದು ತಂದ ಈ ಡ್ರೋನನ್ನು ಆರಿಸಲು ಮಿಲೂದ್ ಇಡೀ ಚಳಿಗಾಲ ತೆಗೆದುಕೊಂಡಿದ್ದ. ಚಿಕ್ಕದಾದರೆ ಮರಳುಗಾಡಿನ ಗಾಳಿಗೆ ನಿಲ್ಲುವುದಿಲ್ಲ, ದೊಡ್ಡದಾದರೆ ಪೊಲೀಸರು ಬಿಡುವುದಿಲ್ಲ. ಒಂದರ ಕ್ಯಾಮೆರಾ ಚೆನ್ನ, ಇನ್ನೊಂದರ ಬ್ಯಾಟರಿ ಚೆನ್ನ. ಎದುರಿಗೆ ಏನಾದರೂ ಅಡ್ಡ ಬಂದರೆ ತಾನಾಗಿಯೇ ನಿಲ್ಲುವಂಥದ್ದು ಬೇಕೋ, ಅಷ್ಟು ದುಡ್ಡು ದಂಡವೋ. ದಿನಾ ಸಂಜೆ ಅಣ್ಣನ ಮನೆಗೆ ಬಂದು ಫೋನ್ ಹಿಡಿದುಕೊಂಡು ಇದನ್ನೇ ಕೊರೆಯುತ್ತಿದ್ದ. ಓಣಿಯ ಗಂಡಸರನ್ನು ಕೇಳಿದ, ಪುರಸಭೆಯವರನ್ನು ಕೇಳಿದ, ಠಾಣೆಗೆ ಹೋಗಿ ಅಪ್ಪಣೆ ಕೇಳಿದ, ಕಡೆಗೆ ತುರ್ಕಿಯಾಳನ್ನೂ ಕೇಳಿದ. "ಅಡ್ಡ ಬಂದ್ರೆ ನಿಲ್ಲೋದೇ ತಗೋ, ನಿನ್ನ ಕೈ ನಂಗೆ ಗೊತ್ತಿಲ್ವಾ," ಎಂದು ಅವಳೇ ಹೇಳಿದ್ದಳು. ಟ್ರಿಪೋಲಿಯ ಅಂಗಡಿಯವನು, ಮೊದಲು ಆಟಿಕೆಯಂಥದ್ದೊಂದು ತಗೊಂಡು ಬಯಲಲ್ಲಿ ಬೀಳಿಸಿ ಎಬ್ಬಿಸಿ ಕಲಿತುಕೋ ಎಂದನಂತೆ. ನಾನೇನು ಚಿಕ್ಕ ಮಗುವಾ ಎಂದು ಇವನು ಬಂದನಂತೆ. ಒಂದು ಡ್ರೋನ್ ಕೊಳ್ಳಲು ಊರೆಲ್ಲ ಕೇಳಿಕೊಂಡು ಬಂದವನು ಒಂದು ಗೋಡೆ ಕಟ್ಟಲು ಯಾರನ್ನೂ ಒಂದು ಮಾತು ಕೇಳಲಿಲ್ಲ.

ಸದ್ದು ಬದಲಾಯಿತು. ಗುಂಯ್ ಎನ್ನುವುದು ಬಿಟ್ಟು ಕೀಚಲಾಗಿ ಅರಚತೊಡಗಿತು. ಗೋಡೆಯ ಆಚೆಗೆ ಯಂತ್ರ ಕಾಣುತ್ತಿರಲಿಲ್ಲ, ಆದರೆ ತೀರ ಹತ್ತಿರದಲ್ಲಿತ್ತು. ಕೆಳಗೆ, ಓಣಿಗಳ ಮಧ್ಯೆ ಆಕಾಶ ಕಾಣುವ ಪುಟ್ಟ ಅಂಗಳದಿಂದ ಮಿಲೂದನ ದನಿ ಏರಿ ಬಂತು. "ಬಾ, ಬಾರೋ, ಈ ಕಡೆ, ಅಯ್ಯೋ ನಿನ್ನ."

ಯಂತ್ರ ಬರಲಿಲ್ಲ. ಅವನು ಗಾಬರಿಯಲ್ಲಿ ಅದನ್ನು ನೆಟ್ಟಗೆ ತನ್ನ ಕಡೆಗೆ ತಳ್ಳುತ್ತಿದ್ದ. ಅದು ಗೋಡೆಯನ್ನು ಕಂಡು, ಕೊಟ್ಟ ದುಡ್ಡಿಗೆ ಮೋಸ ಮಾಡದೆ, ಅಲ್ಲೇ ನಿಂತಿತ್ತು. ಮೇಲಕ್ಕೆ ಎತ್ತಿದ್ದರೆ ದಾಟಿ ಬರುತ್ತಿತ್ತು. ಹೊಸಬನಿಗೆ ಅಷ್ಟು ತೋಚಲಿಲ್ಲ, ತಳ್ಳುತ್ತಲೇ ಇದ್ದ. ಬ್ಯಾಟರಿ ಮುಗಿಯುತ್ತ ಬಂದಂತೆ ಅರಚಾಟ ಕೆಳಗೆ ಇಳಿಯುತ್ತ ಹೋಯಿತು. ಆಮೇಲೆ ಸದ್ದಿಲ್ಲ.

ತುರ್ಕಿಯಾ ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಮಿಲೂದನ ಮಾಳಿಗೆಗೆ ನಡೆದು ಗೋಡೆಗೆ ಬಾಯಿ ಹಚ್ಚಿದಳು. "ಅಕ್ಕಾ, ಹುಷಾರಾಗಿದ್ಯಾ? ತಾಗ್ತಾ?"

"ನಂಗೇನಾಗಿಲ್ಲ." ಮಬ್ರೂಕಾಳ ದನಿ ಇಟ್ಟಿಗೆಯ ಒಳಗಿಂದ ಬಂದ ಹಾಗಿತ್ತು. "ಒಲೆ ಹೊತ್ತಿಸಿ ರೊಟ್ಟಿ ತಟ್ತಾ ಕೂತಿದ್ದೆ. ಮುಸುಕಿಲ್ಲ, ಮೈಮೇಲೆ ನೆಟ್ಟಗೆ ಬಟ್ಟೆ ಇಲ್ಲ. ಬಂದು ಮುಖದ ಮುಂದೆ ನಿಂತ್ಕೊಳ್ತು ಪೀಡೆ. ಈಗ ರೊಟ್ಟಿ ಬುಟ್ಟಿ ಕವುಚಿ ಹಾಕಿದೀನಿ, ಕೋಳಿಗೆ ಹಾಕಿದ ಹಾಗೆ. ಅದು ಇನ್ನೂ ಕಣ್ಣು ಮಿಟುಕಿಸ್ತಾ ಇದೆ."

ನಜ್ಮಿಯಾಳಿಗೆ ನಗು ತಡೆಯಲಾಗಲಿಲ್ಲ. ತುರ್ಕಿಯಾ ನಗಲಿಲ್ಲ. ಗೋಡೆ ಎದ್ದ ಮೇಲೆ ಅಕ್ಕನ ಮುಖ ಅವಳಿನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ ಮಿಲೂದನ ಮನೆಯ ಮೆಟ್ಟಿಲಲ್ಲಿ ದಡದಡ ಹೆಜ್ಜೆ ಕೇಳಿತು. ಮಾಳಿಗೆ ನಂದು ಎಂದವನು ಕಡೆಯ ತಿರುವಿನ ತನಕ ಬಂದ. ಅಲ್ಲಿ ಹೆಜ್ಜೆ ನಿಂತಿತು. ಬಾಗಿಲಿನಿಂದಾಚೆಗೆ ಬಿಸಿಲಿತ್ತು, ಆ ಬಿಸಿಲಿಗೆ ಕಾಲಿಡಲು ಅವನ ಕಾಲು ಒಪ್ಪಲಿಲ್ಲ. ಮೀಸೆ ಮೂಡಿದ ಮೇಲೆ ಅವನು ಇಲ್ಲಿಗೆ ಹತ್ತಿರಲಿಲ್ಲ. ಗೋಡೆ ಕಟ್ಟಿಸುವಾಗಲೂ ಇದೇ ಮೆಟ್ಟಿಲಲ್ಲಿ ನಿಂತು ಗಾರೆಯವರಿಗೆ ಕೂಗಿ ಹೇಳಿದ್ದನಂತೆ. ತಾನು ಕಟ್ಟಿಸಿದ ಗೋಡೆಯನ್ನು ಅವನು ಮೊದಲ ಸಲ ಕಂಡಿದ್ದು ಇವತ್ತು, ಕೈಯಲ್ಲಿದ್ದ ಪರದೆಯ ಮೇಲೆ.

"ಅತ್ತಿಗೆ," ಎಂದ ಕತ್ತಲೆಯಿಂದ. ದನಿ ಮೆತ್ತಗಾಗಿತ್ತು.

"ಈಗ ಕೂಗ್ತೀಯಾ? ಕೂಗೋ ಹೊತ್ತಲ್ಲಿ ಬಾಯಿಗೇನು ಮಣ್ಣು ತುಂಬ್ಕೊಂಡಿದ್ದೆ?"

"ಗಾಳಿ ತಳ್ಕೊಂಡು ಬಂತು ಅತ್ತಿಗೆ, ದೇವ್ರಾಣೆ. ನಾನು ಖರ್ಜೂರದ ತೋಟದ ಕಡೆ ಬಿಟ್ಟಿದ್ದೆ. ನಾನೇನೂ ನೋಡ್ಲಿಲ್ಲ."

"ಕಣ್ಣು ಮುಚ್ಕೊಂಡು ಹಾರಿಸ್ತಿದ್ದೆ ಅನ್ನು. ತಲೆಗೆ ಏನು ಮೆತ್ಕೊಂಡಿದೀನಿ ಹೇಳು ನೋಡೋಣ."

"ಗೋರಂ..." ಎಂದವನು ನಾಲಿಗೆ ಕಚ್ಚಿಕೊಂಡ. ತುರ್ಕಿಯಾ ಗಂಡನ ಮನೆಗೆ ಬಂದ ಹೊಸದರಲ್ಲಿ ಈ ಹುಡುಗನಿಗೆ ಅವಳೇ ಅನ್ನ ಕಲಸಿ ಕೊಟ್ಟಿದ್ದಳು. ಅವನ ಅವ್ವ ಕಾಯಿಲೆ ಬಿದ್ದಾಗ, ಇದೇ ಮಾಳಿಗೆಯ ಮೇಲೆ, ಇದೇ ಜಾಗದಲ್ಲಿ ನಡೆದು ಗಂಜಿ ತಂದು ಕುಡಿಸಿದವಳು ಮಬ್ರೂಕಾ. ಪಾಲುಪತ್ರದಲ್ಲಿ ಅದು ಎಲ್ಲಿ ಬರೆದಿರುತ್ತದೆ?

"ಅದೆಲ್ಲ ಅಳಿಸಿಹಾಕ್ತೀನಿ," ಎಂದ ಮಿಲೂದ್. "ನಿಮ್ಮ ಕಣ್ಣೆದುರಿಗೇ ಅಳಿಸ್ತೀನಿ. ಮೊದ್ಲು ಅದನ್ನ ತಂದ್ಕೊಡಿ. ಮಬ್ರೂಕಕ್ಕನ ಬಾಗಿಲಿಗೆ ಬೀಗ ಇದೆ. ಸಾಯಂಕಾಲದ ತನಕ ಅಲ್ಲೇ ಬಿದ್ದಿದ್ರೆ ಬಿಸಿಲಿಗೆ ಬ್ಯಾಟರಿ ಉಬ್ಬಿಹೋಗತ್ತೆ. ನಿಮಗೇನು ಅತ್ತಿಗೆ, ನಿಮ್ಮ ದಾರೀಲಿ ಹೋಗಿ ತಂದ್ಬಿಡ್ತೀರ."

ನಜ್ಮಿಯಾ ಬಾಯಿಗೆ ಕೈ ಅಡ್ಡ ಹಿಡಿದಳು. ತುರ್ಕಿಯಾ ಬಾಗಿಲಿನ ಹತ್ತಿರಕ್ಕೆ ಹೋಗಿ ನಿಂತಳು.

"ಯಾವ ದಾರಿ?"

ಮೆಟ್ಟಿಲ ಕತ್ತಲೆಯಲ್ಲಿ ಅವನು ಉಸಿರೆಳೆದುಕೊಂಡಿದ್ದು ಕೇಳಿಸಿತು.

"ಹೇಳು ಮಿಲೂದ್. ಅಷ್ಟೆತ್ತರದಿಂದ ನೋಡಿದೀಯ. ಏನ್ ಕಾಣಿಸ್ತು?"

"ಮಾಳಿಗೆಗಳು ಕಾಣಿಸಿದ್ವು."

"ಮಾಳಿಗೆ ಮೇಲೆ?"

ಅವನು ಯಾರಿಗೋ ಹೇಳುವಂತೆ ಹೇಳಿದ. "ಸುಣ್ಣದ ಮೇಲೆ ಒಂದು ಗೆರೆ ಇದೆ. ಸವೆದು ಕಪ್ಪಾಗಿದೆ. ನಜ್ಮಿಯಾ ಮನೆಯಿಂದ ಶುರುವಾಗಿ, ನಿಮ್ಮನೆ, ನಮ್ಮನೆ. ಗೋಡೆ ಹತ್ರ ನಿಲ್ಲತ್ತೆ. ಮತ್ತೆ ಗೋಡೆ ಆಚೆಗಿದೆ."

"ಅದರ ಹೆಸರೇನು?"

ಗೋಡೆಯ ಆಚೆಯಿಂದ ಮಬ್ರೂಕಾ ಕೋಲಿನಿಂದ ಇಟ್ಟಿಗೆಗೆ ಕುಟ್ಟಿದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. "ತಂಗೀ, ಅವನಿಗೆ ಹೇಳು. ನನ್ನ ಒಲೆ ಚೆನ್ನಾಗಿ ಕಾದಿದೆ. ಬುಟ್ಟಿ ಕೆಳಗಿರೋದನ್ನ ಹಿಡ್ಕೊಂಡು ಸಂಜೆ ತನಕ ಕೂರೋಕೆ ನಾನೇನು ಅವನ ಆಳಲ್ಲ. ಅದು ಬೇಕಿದ್ರೆ ಈ ಗೋಡೆ ತೆಗೆಸ್ಲಿ, ನಾನೇ ತಂದ್ಕೊಡ್ತೀನಿ. ನನ್ನ ಕಾಲ ಮೇಲೆ ನಡ್ಕೊಂಡು. ಇಲ್ಲಾಂದ್ರೆ ರೊಟ್ಟಿ ಜೊತೆ ಅದೂ ಬೇಯತ್ತೆ."

"ಮಬ್ರೂಕಕ್ಕಾ," ಎಂದು ಮಿಲೂದ್ ಕೂಗಿದ, "ಅದು ಎಷ್ಟು ಬೆಲೆ ಬಾಳತ್ತೆ ಗೊತ್ತಾ?"

"ನನ್ನ ಮೊಣಕಾಲಿನ ಬೆಲೆ ನೀನು ಕೇಳಿದ್ಯಾ?"

ಕೆಳಗೆ ಓಣಿಯಲ್ಲಿ ಯಾರೋ ಕತ್ತೆಯನ್ನು ಗದರಿಸಿಕೊಂಡು ಹೋದರು. ಮಿಲೂದ್ ಮೆಟ್ಟಿಲ ಮೇಲೆ ಕುಕ್ಕರಿಸಿದ್ದು ಕೇಳಿಸಿತು. ಅವನು ಮನಸ್ಸಿನಲ್ಲಿ ಏನೇನು ತೂಗಿಕೊಂಡನೋ, ಕಡೆಗೆ "ಏನಾದ್ರೂ ಮಾಡ್ಕೊಳ್ಳಿ, ಬೇಗ ಮಾಡಿ," ಎಂದ.

ಸಿಮೆಂಟ್ ಇನ್ನೂ ಗಟ್ಟಿಯಾಗಿರಲಿಲ್ಲ. ಗಾರೆಯವರು ಅವಸರದಲ್ಲಿ ನೀರೂ ಹಾಕದೆ ಹೋಗಿದ್ದರು. ನಜ್ಮಿಯಾ ಮಸಾಲೆ ಕುಟ್ಟುವ ಹಿತ್ತಾಳೆಯ ಒನಕೆ ತಂದಳು. ತುರ್ಕಿಯಾ ನೀರಿನ ಡ್ರಮ್ಮೊಂದನ್ನು ಕವುಚಿ ಅದರ ಮೇಲೆ ಹತ್ತಿ, ಮೇಲಿನ ಸಾಲಿನ ಇಟ್ಟಿಗೆಯ ಬುಡಕ್ಕೆ ಎರಡೇಟು ಹಾಕಿದಳು. ಅದು ಹಳೇ ಹಲ್ಲಿನ ಹಾಗೆ ಅಲ್ಲಾಡಿ ಕೈಗೆ ಬಂತು. ಗೋರಂಟಿ ಕರಗಿ ಅವಳ ಹಣೆಯಿಂದ ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ.

"ಇದನ್ನೆಲ್ಲಿ ಹಾಕೋದು ಚಿಕ್ಕಮ್ಮ?" ಎಂದಳು ನಜ್ಮಿಯಾ.

"ಯಾರ ಇಟ್ಟಿಗೆಯೋ ಅವರಿಗೆ ಕೊಡು." ತುರ್ಕಿಯಾ ಮೆಟ್ಟಿಲ ಕಡೆಗೆ ಕೂಗಿದಳು. "ಮಿಲೂದ್, ಬೆನ್ನು ತಿರುಗಿಸಿ ನಿಂತ್ಕೋ. ಕೈ ಹಿಂದಕ್ಕೆ ಚಾಚು. ತಿರುಗಿ ನೋಡಿದ್ರೆ ಒನಕೆ ತಲೆ ಮೇಲೆ ಬೀಳತ್ತೆ."

ಅವನು ಮುಖವನ್ನು ಮಣ್ಣಿನ ಗೋಡೆಗೆ ಮಾಡಿ, ಎರಡು ಕೈಯನ್ನೂ ಹಿಂದಕ್ಕೆ ಚಾಚಿ ನಿಂತ. ನಜ್ಮಿಯಾ ಒಂದೊಂದೇ ಇಟ್ಟಿಗೆಯನ್ನು ಆ ಕೈಗಳ ಮೇಲೆ ಇಟ್ಟು ಬರುತ್ತಿದ್ದಳು. ಅವನು ಅದನ್ನು ತಡಕಾಡಿಕೊಂಡು ಕಾಲ ಬುಡದ ಮೆಟ್ಟಿಲ ಮೇಲೆ ಇಳಿಸಿ ಮತ್ತೆ ಕೈ ಚಾಚುತ್ತಿದ್ದ. ಆಚೆಯ ನಾಲ್ಕು ಮನೆಗಳಿಂದಲೂ ಹೆಂಗಸರು ಬಂದರು. ಏನೆಂದು ಕೇಳದೆ ಅಂಗಿಯ ತೋಳು ಮೇಲೇರಿಸಿ ಇಟ್ಟಿಗೆಗೆ ಕೈ ಹಾಕಿದರು.

ಗೋಡೆ ಸೊಂಟದ ಮಟ್ಟಕ್ಕೆ ಇಳಿದಾಗ ಆಚೆಗೆ ಮಬ್ರೂಕಾ ಕಂಡಳು. ಒಂದು ಕೈಯಲ್ಲಿ ಕೋಲು, ಸೊಂಟದ ಮೇಲೆ ಬುಟ್ಟಿ. ಬುಟ್ಟಿಯ ತುಂಬ ಬಿಸಿ ರೊಟ್ಟಿ, ಅದರ ಮಧ್ಯೆ ಹಿಟ್ಟು ಮೆತ್ತಿದ ನಾಲ್ಕು ರೆಕ್ಕೆ. ಗಾಜಿನ ಕಣ್ಣಿಗೆ ಅವಳು ಒಂದು ಮುದ್ದೆ ಹಸಿ ಕಣಕ ಒತ್ತಿದ್ದಳು. ತುರ್ಕಿಯಾ ಅಕ್ಕನ ಮುಖ ನೋಡಿದಳು, ಬೈಯಬೇಕೆನಿಸಿತು, ಯಾರನ್ನೆಂದು ತಿಳಿಯದೆ ಕಣ್ಣು ತುಂಬಿಕೊಂಡಿತು.

"ಅಳಬೇಡ, ಮುಖ ಮೊದಲೇ ಕೆಂಪಾಗಿದೆ," ಎಂದಳು ಮಬ್ರೂಕಾ. "ಕೆಳಗಿನ ಸಾಲೂ ತೆಗೀರಿ. ನಾನು ಕಾಲೆತ್ತಿ ದಾಟೋಳಲ್ಲ."

ಕತ್ತಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಮಿಲೂದನಿಗೆ ಅವಳ ದನಿ ಹತ್ತಿರವಾಗಿದ್ದು ತಿಳಿಯಿತು. "ಬಂತಾ?" ಎಂದು ಕೇಳಿ, ಈ ಸಲ ಅಂಗೈಗಳನ್ನು ಮೆತ್ತಗೆ, ಜೋಪಾನವಾಗಿ, ಕೂಸನ್ನು ಎತ್ತಿಕೊಳ್ಳುವವನ ಹಾಗೆ ಹಿಡಿದ. ಆ ಕೈಗಳ ಮೇಲೆ ಇನ್ನೊಂದು ಇಟ್ಟಿಗೆ ಬಂದು ಕೂತಿತು.