ಪಟ್ಟಿಯಲ್ಲಿಲ್ಲದ ಕಾರ್ಖಾನೆ

ಹಣಕಾಸು ಅರ್ಥಶಾಸ್ತ್ರದ ಎಂ.ಎ. ಮುಗಿಯಲು ಅವಳಿಗೆ ಉಳಿದಿದ್ದು ಒಂದು ಪ್ರಬಂಧ, ಅದರ ಮೇಲೊಂದು ಸಹಿ. ಸಹಿ ಹಾಕಬೇಕಾದ ಗೈಡ್‌ಗೆ ಹುಡುಗರು ಇಟ್ಟ ಹೆಸರು ‘ಸರಾಸರಿ’. ಅದಕ್ಕಿಂತ ಹೆಚ್ಚು ಅಂಕ ಅವರ ಕೈಯಿಂದ ಉದುರಿದ್ದನ್ನು ಯಾರೂ ಕಂಡಿರಲಿಲ್ಲ. ವಿಷಯವೂ ಅವರದ್ದೇ: ಕೆಲಸಗಾರರನ್ನು ಕಡಿತ ಮಾಡಿದ ಕಂಪನಿಗಳ ಷೇರು ಹತ್ತು ವರ್ಷದಲ್ಲಿ ಏರಿತೇ, ಇಳಿಯಿತೇ? ವಿಭಾಗದ ಕಂಪ್ಯೂಟರಿನಲ್ಲಿದ್ದ ಇನ್ನೂರ ಹನ್ನೆರಡು ಕಂಪನಿಗಳೂ ಸೇರಿ ‘ಏರಿತು’ ಎಂದವು. ಸರಾಸರಿ ಹಿಗ್ಗಿ ಹೀರೇಕಾಯಿಯಾದರು.

ಬಲ್ಬ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಲ್ಬು ಉರಿಯುತ್ತದೋ ಇಲ್ಲವೋ ಎಂದು ನೋಡಿ ನೋಡಿ ಕಣ್ಣು ಕಿರಿದಾಗಿದ್ದ ಅಪ್ಪ ಕೇಳಿದ, “ನಮ್ ಫ್ಯಾಕ್ಟರೀನೂ ಇದ್ಯೇನೇ ಅದ್ರಲ್ಲಿ? ನಮ್ಮಲ್ಲೂ ಅರ್ಧ ಜನಾನ ಮನೆಗೆ ಕಳಿಸಿದ್ರಲ್ಲ.”

ಹುಡುಕಿದಳು. ಇರಲಿಲ್ಲ. ಕಡಿತದ ನಾಲ್ಕನೇ ವರ್ಷಕ್ಕೇ ಅದು ಬಾಗಿಲು ಹಾಕಿತ್ತು. ಪಟ್ಟಿಯಲ್ಲಿದ್ದವು ಇವತ್ತಿಗೂ ಬದುಕಿರುವ ಕಂಪನಿಗಳು ಮಾತ್ರ. ಮೂರು ವಾರ ಗ್ರಂಥಾಲಯದ ಧೂಳು ಕುಡಿದು, ಹಳೆಯ ಪತ್ರಿಕೆಗಳಿಂದ ಹಾಗೆ ಸತ್ತ ಅರವತ್ತೊಂದು ಕಂಪನಿಗಳನ್ನು ಎತ್ತಿ ತಂದು ಸೇರಿಸಿದಳು. ಲೆಕ್ಕ ಮತ್ತೆ ಹಾಕಿದಾಗ ಏರಿದ್ದೆಲ್ಲ ಇಳಿಯಿತು.

ಸರಾಸರಿ ಅವಳ ಹಾಳೆಯನ್ನು ಬೆರಳ ತುದಿಯಿಂದ ವಾಪಸು ತಳ್ಳಿದರು. “ಸತ್ತವರ ಷೇರು ಯಾರಮ್ಮ ಕೊಳ್ತಾರೆ? ಈ ಡೇಟಾ ಮೇಲೆ ನಾನೇ ಐದು ಪೇಪರ್ ಬರ್ದಿದೀನಿ.”

“ಅವನ್ನ ಬಿಟ್ರೆ ಉತ್ತರಾನೇ ತಪ್ಪಾಗುತ್ತಲ್ಲ, ಸರ್.”

“ಶುಕ್ರವಾರ ಕೊನೇ ದಿನ. ಹಳೇದಾದ್ರೆ ಈಗ್ಲೇ ಸಹಿ. ಹೊಸದು ಬೇಕಂದ್ರೆ ಬೇರೆ ಗೈಡ್ ನೋಡ್ಕೋ, ಮುಂದಿನ ವರ್ಷ ಬಾ.”

ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಶುಕ್ರವಾರ ಇನ್ನೂರ ಹನ್ನೆರಡನ್ನೇ ಕೊಟ್ಟುಬಂದಳು.

ಸರಾಸರಿ ಮೊದಲ ಬಾರಿಗೆ ಎಂಬತ್ತೆಂಟು ಅಂಕ ಕೊಟ್ಟರು.

ರಟ್ಟು ಹಾಕಿಸಿದ ಪ್ರಬಂಧವನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಕೊನೆಯ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ದಾಟಿದ. ಮುಗಿದ ಮೇಲೆ ಮತ್ತೆ ಮೊದಲಿಂದ.

“ಇಲ್ವಲ್ಲೇ.”

“ಮುಚ್ಚಿಹೋದದ್ದನ್ನ ಸೇರಿಸೋ ಹಾಗಿಲ್ಲಪ್ಪ.”

“ನಾವು ಉರೀದೇ ಇರೋ ಬಲ್ಬನ್ನೂ ಎಣಿಸಿ ಬರೀತಿದ್ವಿ. ಬರೀದಿದ್ರೆ ಮೇಸ್ತ್ರಿ ಜನ್ಮ ಜಾಲಾಡ್ತಿದ್ದ.” ಅಪ್ಪ ಕಣ್ಣು ಇನ್ನಷ್ಟು ಕಿರಿದು ಮಾಡಿದ. “ಹಾಗಂತ ರೂಲ್ಸ್ ಇದ್ಯಾ?”

“ಇದೆ.”

ಅಪ್ಪ ನಂಬಿದ. ಓದಿದ ಮಗಳು ಹೇಳುತ್ತಿದ್ದಾಳಲ್ಲ.